ಕಪ್ಪಾದರೆ ಕ್ಷೇಮ, ಬೆಳ್ಳಗುಳಿದರೆ ಅನುಮಾನ

ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ಗೊತ್ತಾದ ಮೇಲೆ ವೈದ್ಯರಿಗೆ ಬೇಕಾಗುವ ಮುಖ್ಯ ಉತ್ತರ ಒಂದೇ: ರೋಗ ಅಲ್ಲೇ ಇದೆಯೋ, ಅಕ್ಕಪಕ್ಕದ ದುಗ್ಧಗ್ರಂಥಿಗಳಿಗೂ ಹಬ್ಬಿದೆಯೋ? ಚಿಕಿತ್ಸೆಯ ದಾರಿಯೇ ಇದರ ಮೇಲೆ ನಿಂತಿದೆ. ಮಾಮೂಲಿ ಸಿಟಿ, ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಇದನ್ನು ಹೆಚ್ಚಾಗಿ ಗ್ರಂಥಿಯ ಗಾತ್ರ, ಆಕಾರ ನೋಡಿ ಅಂದಾಜು ಮಾಡುತ್ತಾರೆ. ಒಂದು ಸೆಂಟಿಮೀಟರಿನ ಆಸುಪಾಸಿಗೆ ಊದಿದ್ದರೆ ಅನುಮಾನ, ಸಣ್ಣದಿದ್ದರೆ ಸಮಾಧಾನ. ಆದರೆ ಸೋಂಕು ತಗುಲಿದರೂ ಗ್ರಂಥಿ ಊದಿಕೊಳ್ಳುತ್ತದೆ. ಎರಡು ಮಿಲಿಮೀಟರಿನ ಗೆಡ್ಡೆ ಒಳಗೆ ಕೂತಿದ್ದರೂ ಹೊರಗಿನಿಂದ ಸಭ್ಯವಾಗಿಯೇ ಕಾಣಬಹುದು.

ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮುಕೇಶ್ ಹರಿಸಿಂಘಾನಿ, ರಾಲ್ಫ್ ವೈಸ್‌ಲೆಡರ್ ಮತ್ತು ನೆದರ್ಲೆಂಡ್ಸ್‌ನ ನೈಮೇಗನ್‌ನ ಯೆಲ್ಲೆ ಬಾರೆಂಟ್ಸ್ ಅವರ ತಂಡ ಗಾತ್ರವನ್ನೇ ನೆಚ್ಚಿ ಕೂರಲಿಲ್ಲ. ಗ್ರಂಥಿಯೊಳಗಿನ ಕೋಶಗಳು ತಮ್ಮ ಕೆಲಸ ಮಾಡುತ್ತಿವೆಯೇ ಎಂದು ನೋಡಿತು. ಅದಕ್ಕೆ ಬಳಸಿದ್ದು ಕಬ್ಬಿಣದ ಆಕ್ಸೈಡಿನ ನ್ಯಾನೊಕಣ. ಹೆಸರು ಫೆರುಮಾಕ್ಸ್‌ಟ್ರಾನ್-10. ಒಳಗೆ ಸುಮಾರು 5 ನ್ಯಾನೊಮೀಟರಿನ ಹರಳು, ಸುತ್ತ ಡೆಕ್‌ಸ್ಟ್ರಾನ್ ಎಂಬ ಸಕ್ಕರೆ ಜಾತಿಯ ಹೊದಿಕೆ, ಎಲ್ಲ ಸೇರಿ 30 ನ್ಯಾನೊಮೀಟರ್ ಇರಬಹುದು. ನಮ್ಮ ಕೆಂಪು ರಕ್ತಕಣದ ಅಗಲವೇ 7,000 ನ್ಯಾನೊಮೀಟರಿಗಿಂತ ಹೆಚ್ಚು.

ಗಾತ್ರ ಇಷ್ಟು ಕಿರಿದಾಗಿರುವುದಕ್ಕೆ ಕಾರಣವಿದೆ. ಇಷ್ಟು ಸಣ್ಣ ಹರಳು ಹೊರಗಿನ ಕಾಂತಕ್ಷೇತ್ರ ಇರುವಾಗ ಮಾತ್ರ ಕಾಂತವಾಗುತ್ತದೆ. ಕ್ಷೇತ್ರದಿಂದ ಹೊರಬಂದರೆ ಆ ಗುಣ ಹೋಗುತ್ತದೆ, ಹಾಗಾಗಿ ಕಣಗಳು ಒಂದನ್ನೊಂದು ಎಳೆದುಕೊಂಡು ರಕ್ತದಲ್ಲಿ ಗಂಟುಕಟ್ಟುವುದಿಲ್ಲ. ಇನ್ನೊಂದು ಲಾಭ ಸಂಚಾರದ್ದು. ನೂರು ನ್ಯಾನೊಮೀಟರ್ ದಾಟಿದ ಕಣಗಳನ್ನು ಯಕೃತ್ತಿನ ಕುಪ್ಫರ್ ಕೋಶಗಳು ಬೇಗನೆ ನುಂಗಿಬಿಡುತ್ತವೆ. ಸಣ್ಣವು ತಪ್ಪಿಸಿಕೊಂಡು ಗಂಟೆಗಟ್ಟಲೆ ರಕ್ತದಲ್ಲಿ ತಿರುಗುತ್ತವೆ, ಮೆಲ್ಲಗೆ ಅಂಗಾಂಶಕ್ಕೆ ಸೋರುತ್ತವೆ, ಅಲ್ಲಿಂದ ದುಗ್ಧರಸದ ಜೊತೆ ಗ್ರಂಥಿಗಳಿಗೆ ಬಂದು ಸೇರುತ್ತವೆ.

ರೋಗಿಗೆ ಇದನ್ನು ಡ್ರಿಪ್‌ನಲ್ಲಿ ನಿಧಾನವಾಗಿ ಕೊಡುತ್ತಾರೆ. ಒಂದು ದಿನ ಬಿಟ್ಟು ಎಂಆರ್‌ಐ. ಅಷ್ಟರಲ್ಲಿ ಆರೋಗ್ಯವಂತ ಗ್ರಂಥಿಯ ಭಕ್ಷಕ ಕೋಶಗಳು ಕಣಗಳನ್ನು ಹೊಟ್ಟೆತುಂಬ ನುಂಗಿರುತ್ತವೆ. ಎಂಆರ್‌ಐ ನೋಡುವುದು ಮುಖ್ಯವಾಗಿ ನೀರಿನ ಹೈಡ್ರೋಜನ್ನಿನಿಂದ ಬರುವ ಸಂಕೇತವನ್ನು. ಪಕ್ಕದಲ್ಲಿ ಕಬ್ಬಿಣವಿದ್ದರೆ ಅಲ್ಲಿನ ಕಾಂತಕ್ಷೇತ್ರ ಏರುಪೇರಾಗಿ, ಸಂಕೇತಗಳು ತಾಳ ತಪ್ಪಿ ಬೇಗ ನಶಿಸುತ್ತವೆ. ಚಿತ್ರದಲ್ಲಿ ಆ ಗ್ರಂಥಿ ಕಪ್ಪಾಗುತ್ತದೆ. ಕ್ಯಾನ್ಸರ್ ಆಕ್ರಮಿಸಿದ ಜಾಗದಲ್ಲಿ ನುಂಗುವವರಿಲ್ಲ. ಅದು ಬೆಳ್ಳಗೇ ಉಳಿಯುತ್ತದೆ. ಗ್ರಂಥಿಯ ಒಂದು ಮೂಲೆ ಮಾತ್ರ ಬೆಳ್ಳಗಿದ್ದರೆ ರೋಗ ಆ ಮೂಲೆಯಲ್ಲಿದೆ ಎಂದು ಅನುಮಾನಿಸಬಹುದು. ಔಷಧವನ್ನು ಹೊತ್ತು ಗೆಡ್ಡೆಗೆ ಹೊರಟ ನ್ಯಾನೊಕಣಗಳಿಗೆಲ್ಲ ಈ ಭಕ್ಷಕ ಕೋಶಗಳೇ ದೊಡ್ಡ ಶತ್ರು. ಇಲ್ಲಿ ಆ ಶತ್ರುವಿನ ಹಸಿವೇ ಪರೀಕ್ಷೆಯ ಸಾಧನ.

2003ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫಲಿತಾಂಶ ಬಂತು. 80 ರೋಗಿಗಳು, 334 ಗ್ರಂಥಿಗಳು. ಸೂಕ್ಷ್ಮದರ್ಶಕದಡಿ ನೋಡಿದಾಗ 63ರಲ್ಲಿ ಕ್ಯಾನ್ಸರ್ ಇತ್ತು. ಮಾಮೂಲಿ ಎಂಆರ್‌ಐ ಅವುಗಳಲ್ಲಿ ಶೇ 35.4ರಷ್ಟನ್ನು ಹಿಡಿದಿದ್ದರೆ, ಕಬ್ಬಿಣದ ಕಣ ಬಳಸಿದ ಎಂಆರ್‌ಐ ಶೇ 90.5ರಷ್ಟನ್ನು ಹಿಡಿದಿತ್ತು. ಆ 63ರಲ್ಲಿ 45 ಗ್ರಂಥಿಗಳು ಎಂದಿನ ಅಳತೆಗೋಲಿನ ಪ್ರಕಾರ ಅನುಮಾನಕ್ಕೇ ಎಡೆಕೊಡದವು.

ಇಷ್ಟಾದರೂ ಔಷಧ ಮಾರುಕಟ್ಟೆಗೆ ಬರಲಿಲ್ಲ. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ವ್ಯಾಪಕ ಬಳಕೆಗೆ ಒಪ್ಪಲಿಲ್ಲ. ಯುರೋಪಿನಲ್ಲಿ 2007ರಲ್ಲಿ ಅರ್ಜಿಯನ್ನೇ ಹಿಂಪಡೆಯಲಾಯಿತು. ಅದಕ್ಕೂ ಮೊದಲೇ, 1996ರಲ್ಲಿ ಯಕೃತ್ತಿನ ಗೆಡ್ಡೆಗಳನ್ನು ನೋಡಲೆಂದು ಅನುಮತಿ ಪಡೆದಿದ್ದ ಫೆರಿಡೆಕ್ಸ್ ಎಂಬ ಕಬ್ಬಿಣದ ಕಣವೂ ಮುಂದೆ ಅಂಗಡಿ ಮುಚ್ಚಿತು. ತಪ್ಪು ಪೂರ್ತಿ ಅಧಿಕಾರಿಗಳದ್ದೆಂದು ನನಗನಿಸುವುದಿಲ್ಲ. ಕಪ್ಪನ್ನು ಓದುವುದು ಕಷ್ಟ. ರಕ್ತ ಕಟ್ಟಿದರೂ, ಗಾಳಿ ಇದ್ದರೂ ಎಂಆರ್‌ಐಯಲ್ಲಿ ಕಪ್ಪೇ. ಗ್ರಂಥಿಯಲ್ಲಿ ಕೊಬ್ಬೋ ನಾರೋ ತುಂಬಿದ್ದರೆ ಕ್ಯಾನ್ಸರ್ ಇಲ್ಲದೆಯೂ ಬೆಳ್ಳಗುಳಿಯಬಹುದು. ಎರಡು ದಿನ ಬನ್ನಿ ಎಂದರೆ ರೋಗಿಗೂ ಬೇಸರ, ಆಸ್ಪತ್ರೆಗೂ ಬೇಸರ.

ಆದರೆ ಕಬ್ಬಿಣದ ಕಣ ಹಿತ್ತಲ ಬಾಗಿಲಿನಿಂದ ವಾಪಸ್ ಬಂತು. ಫೆರುಮಾಕ್ಸಿಟಾಲ್‌ಗೆ 2009ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿದ್ದು ಮೂತ್ರಪಿಂಡದ ರೋಗಿಗಳ ರಕ್ತಹೀನತೆಗೆ. ಅದೇ ಇಂಜೆಕ್ಷನ್ನನ್ನು ರೇಡಿಯಾಲಜಿಸ್ಟರು ರಕ್ತನಾಳಗಳ ಚಿತ್ರಕ್ಕೂ ಬಳಸತೊಡಗಿದರು. ಮಾಮೂಲಿ ಎಂಆರ್‌ಐ ಕಾಂಟ್ರಾಸ್ಟ್‌ಗಳಲ್ಲಿರುವುದು ಗ್ಯಾಡೊಲಿನಿಯಮ್. ಅದರ ಕೆಲವು ರೂಪಗಳು ಮೂತ್ರಪಿಂಡ ಸೋತವರ ಚರ್ಮವನ್ನು ಬಿಗಿಯಾಗಿಸುವ ಗಂಭೀರ ರೋಗ ತರಬಲ್ಲವೆಂದು 2006ರಲ್ಲಿ ತಿಳಿದಿತ್ತು. ಕಬ್ಬಿಣಕ್ಕೆ ಆ ಭಯವಿಲ್ಲ, ದೇಹ ಅದನ್ನು ತನ್ನ ಕಬ್ಬಿಣದ ದಾಸ್ತಾನಿಗೆ ಸೇರಿಸಿಕೊಳ್ಳುತ್ತದೆ. ಹಾಗೆಂದು ಪೂರಾ ನಿರಪಾಯವೂ ಅಲ್ಲ: ಅಪರೂಪಕ್ಕೆ ಪ್ರಾಣಾಂತಿಕ ಅಲರ್ಜಿ ಆಗುತ್ತದೆಂದು 2015ರಲ್ಲಿ ಎಫ್‌ಡಿಎ ತನ್ನ ಎಚ್ಚರಿಕೆಯನ್ನು ಬಿಗಿಗೊಳಿಸಿತು.

ಬಾರೆಂಟ್ಸ್ ಅವರ ನೈಮೇಗನ್ ಹಳೆಯ ಫೆರುಮಾಕ್ಸ್‌ಟ್ರಾನನ್ನು ಕೈಬಿಡಲಿಲ್ಲ. ಅಲ್ಲಿ ಅದರ ಬಳಕೆ ಮತ್ತೆ ಶುರುವಾಯಿತು. ಈ ನಡುವೆ ಬೆಂಗಳೂರಿನಲ್ಲೂ ಸಿಗುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬಂದಿದೆ. ಅದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶದ ಮೇಲಿನ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುತ್ತದೆ, ಇಡೀ ದೇಹವನ್ನು ಒಂದೇ ಸಲಕ್ಕೆ ತೋರಿಸುತ್ತದೆ. ಆದರೆ ಕೆಲವೇ ಮಿಲಿಮೀಟರಿನ ಗೆಡ್ಡೆಗಳ ಮಟ್ಟಿಗೆ ಪೆಟ್‌ನ ಕಣ್ಣು ಮಂದ, ಆ ಪ್ರೋಟೀನ್ ಇಲ್ಲದ ಕ್ಯಾನ್ಸರ್ ಅದಕ್ಕೆ ಕಾಣುವುದೂ ಕಷ್ಟ. ಕಬ್ಬಿಣದ ಕಣಕ್ಕೆ ಕ್ಯಾನ್ಸರಿನ ಜಾತಿ ಬೇಕಿಲ್ಲ, ನುಂಗುವ ಕೋಶಗಳು ಅಲ್ಲಿ ಉಳಿದಿವೆಯೋ ಇಲ್ಲವೋ ಅಷ್ಟೇ ಸಾಕು.