ಹೆದ್ದಾರಿ ಮೌನವಾದಾಗ

ಅಲೆನ್‌ನ ನಮ್ಮ ಹಿತ್ತಿಲಿಗೆ 75ನೇ ಹೆದ್ದಾರಿಯ ಮೊರೆತ ಹಗಲಿರುಳೂ ಕೇಳಿಸುತ್ತದೆ. ವಿಚಿತ್ರವೆಂದರೆ, ಸಂಜೆ ಡಾಲಸ್‌ನಿಂದ ಮರಳುವ ಕಾರುಗಳು ಕಿಕ್ಕಿರಿದಾಗಲೇ ಅದು ತಗ್ಗುವುದು. ವೇಗದಲ್ಲಿ ಸದ್ದು ಮಾಡುವುದು ಎಂಜಿನ್ನಿಗಿಂತ ಹೆಚ್ಚಾಗಿ ರಸ್ತೆಗುಜ್ಜುವ ಟೈರು. ಹಾರ್ನ್ ಒತ್ತುವವರೂ ವಿರಳ. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಪಳಗಿದ ನನ್ನ ಕಿವಿಗೆ ಅದು ಶಾಂತಿಯೆಂದೇ ತೋರಿತ್ತು. ಆದರೆ ನಿಂತು ನಿಂತು ಸಾಗುವ ಕಾರು ಮೈಲಿಗೆ ಹೆಚ್ಚು ಇಂಧನ ಸುಡುತ್ತದೆ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡು ಬೇಸಿಗೆಯ ಬಿಸಿಲಲ್ಲಿ ಇತರ ಆವಿಗಳೊಡನೆ ಬೆರೆತು ಓಝೋನನ್ನು ಹುಟ್ಟಿಸುತ್ತದೆ. ಓಝೋನ್ ಮುನ್ನೆಚ್ಚರಿಕೆಯ ದಿನ ಉಬ್ಬಸದ ಮಗಳು ಮಧ್ಯಾಹ್ನ ಅಂಗಳಕ್ಕಿಳಿಯುವುದಿಲ್ಲ.

ಹ್ಯೂಸ್ಟನ್ನಿನ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಗಳಿಗೆ ಹಿಗ್ಗಿಸಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆ ಮರಳಿತು. ಡಾಲಸ್‌ನ ಡಾರ್ಟ್ ರೈಲೋ ಪ್ಲೇನೋದಲ್ಲೇ ನಿಲ್ಲುತ್ತದೆ. ನಾಳೆ ಬೆಳಿಗ್ಗೆ ನಾನೂ ಅದೇ ಕಾರುಗಳ ಸಾಲಿನಲ್ಲಿ.