ಮೀನಿನ ಕೆನ್ನೆಯ ಮುಚ್ಚಳ

ಇಚಲಕರಂಜಿ ಬಜಾರಿನಲ್ಲಿ ರೋಹು ಕೊಳ್ಳುವವರು ಮೊದಲು ಅದರ ಕೆನ್ನೆ ಎತ್ತಿ ನೋಡುತ್ತಾರೆ. ಒಳಗೆ ಕಿವಿರು ಕೆಂಪಗಿದ್ದರೆ ಮೀನು ತಾಜಾ. ಈ ಎಲುಬಿನ ಮುಚ್ಚಳ ಕಿವಿರನ್ನು ಕಾಯುತ್ತಲೇ ಪಂಪಿನಂತೆಯೂ ದುಡಿಯುತ್ತದೆ. ಮೀನು ಬಾಯಿ ತೆರೆದಾಗ ಮುಚ್ಚಳ ಮುಚ್ಚಿಕೊಂಡು ನೀರು ಒಳಗೆ. ಬಾಯಿ ಮುಚ್ಚಿದಾಗ ಅದು ತೆರೆದು, ಕಿವಿರು ತೊಳೆದ ನೀರು ಹೊರಗೆ. ಅಲ್ಲಿನ ಪಂಚಗಂಗೆ ನದಿಗೆ ಕೊಳಚೆ ಸೇರಿ ಆಮ್ಲಜನಕ ಇಳಿದಾಗ ಮೀನುಗಳು ಮೇಲೆ ಬಂದು ಈ ಮುಚ್ಚಳವನ್ನೇ ಪಟಪಟ ಬಡಿಯುತ್ತವೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಇಂಥ ಮುಚ್ಚಳ ಬೇರೆಡೆಯೂ ಉಂಟು. ಸಿಹಿನೀರಿನ ಪೈಲಾ ಬಸವನಹುಳು ಬೇಸಿಗೆಯಲ್ಲಿ ಕೆಸರಿಗಿಳಿದು, ತೇವ ಆರದಂತೆ ಚಿಪ್ಪಿನ ಬಾಗಿಲು ಹಾಕಿಕೊಂಡು ಮಳೆಗೆ ಕಾಯುತ್ತದೆ. ನೀಲಗಿರಿ ಮೊಗ್ಗಿಗೂ ಟೊಪ್ಪಿಗೆಯಂಥ ಮುಚ್ಚಳವಿದೆ, ಅರಳುವಾಗ ಅದು ಕಳಚಿ ಬೀಳುತ್ತದೆ.

ನಮ್ಮ ನಾಲಿಗೆಯ ಬುಡದಲ್ಲೂ ಎಪಿಗ್ಲಾಟಿಸ್ ಎಂಬ ಮುಚ್ಚಳ ಇದೆ. ತುತ್ತು ನುಂಗುವಾಗ ಅದು ಬಾಗಿ ಶ್ವಾಸನಾಳದ ಬಾಯಿ ಮುಚ್ಚುತ್ತದೆ. ಉಣ್ಣುತ್ತ ನಕ್ಕರೆ ಆ ಹೊತ್ತು ತಪ್ಪಿ, ಅನ್ನ ನೆತ್ತಿಗೇರುತ್ತದೆ.