ಬ್ಯಾಟರಿಗೆ ಮುಪ್ಪು, ಫೋನಿಗೆ ಶಿಕ್ಷೆ

2019ರ ಜನವರಿ 2ರಂದು ಆ್ಯಪಲ್ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಪತ್ರ ಬರೆದು, ವರಮಾನ ಅಂದುಕೊಂಡಷ್ಟು ಬರಲಿಲ್ಲ ಎಂದರು. ಮುಖ್ಯ ಕಾರಣ ಚೀನಾ ಮಾರುಕಟ್ಟೆ. ಆದರೆ ನಡುವೆ ಇನ್ನೊಂದು ಕಾರಣವೂ ಇತ್ತು: ಕೆಲವು ಗ್ರಾಹಕರು ಅಗ್ಗದ ದರದಲ್ಲಿ ಹಳೆಯ ಫೋನಿಗೇ ಹೊಸ ಬ್ಯಾಟರಿ ಹಾಕಿಸಿಕೊಂಡಿದ್ದರು! ಫೋನನ್ನು ಜನ ಯಾಕೆ ಬದಲಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗಂತೂ ಸಿಕ್ಕಿಲ್ಲ.

ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ರಸಾಯನಶಾಸ್ತ್ರದ ಲೆಕ್ಕ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಆಕ್ಸೈಡ್ ಬದಿಯಿಂದ ಹೊರಟು ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ; ಬಳಸುವಾಗ ಮರಳುತ್ತವೆ. ಮೊದಲ ಚಾರ್ಜಿನಲ್ಲೇ ಗ್ರಾಫೈಟ್ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಅದು ಬೇಕೇ ಬೇಕು, ಇಲ್ಲದಿದ್ದರೆ ಒಳಗಿನ ದ್ರವ ನಿರಂತರ ವಿಘಟನೆಯಾಗುತ್ತದೆ. ಆದರೆ ಪೊರೆ ದಿನೇದಿನೇ ದಪ್ಪವಾಗಿ ಒಂದಿಷ್ಟು ಲಿಥಿಯಂ ಅನ್ನು ಶಾಶ್ವತವಾಗಿ ನುಂಗುತ್ತದೆ, ವಿದ್ಯುತ್ತಿನ ಹರಿವಿಗೂ ಅಡ್ಡಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕೆಲಸ ಚುರುಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಫೋನ್ ಬಿಡಬಾರದು ಎನ್ನುವುದು ಇದಕ್ಕೇ. ಇಂಥ ಬ್ಯಾಟರಿಯಿಂದ ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದರೆ ವೋಲ್ಟೇಜ್ ಕುಸಿದು, ಶೇ 20 ತೋರಿಸುತ್ತಿದ್ದ ಫೋನ್ ದಿಢೀರನೆ ಆಫ್ ಆಗುತ್ತದೆ.

ಹಾಗೆ ಆಗದಿರಲೆಂದು ಆ್ಯಪಲ್ ಸಾಫ್ಟ್‌ವೇರ್ ಮೂಲಕ ಹಳೆಯ ಐಫೋನ್‌ಗಳ ವೇಗ ತಗ್ಗಿಸಿತ್ತು. 2017ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡು, 79 ಡಾಲರಿನ ಬ್ಯಾಟರಿ ಬದಲಾವಣೆಯನ್ನು 29ಕ್ಕೆ ಇಳಿಸಿತು. ಫೋನೇ ಹಳತಾಯಿತು ಎಂದುಕೊಂಡಿದ್ದವರಿಗೆ ಹಳತಾದದ್ದು ಒಂದೇ ಬಿಡಿಭಾಗ ಎಂದು ಗೊತ್ತಾಯಿತು. ಟೈರ್ ಸವೆಯಿತೆಂದು ಯಾರೂ ಸ್ಕೂಟರ್ ಗುಜರಿಗೆ ಹಾಕುವುದಿಲ್ಲವಲ್ಲ!

ಫೋನ್ ಬದಲಿಸಲು ಹೊಸದರ ಆಸೆಯೂ ಒಂದು ಕಾರಣ, ಅಪ್‌ಡೇಟ್ ನಿಂತು ಬ್ಯಾಂಕಿನ ಆ್ಯಪ್ ಕೈಕೊಡುವುದು ಇನ್ನೊಂದು. ಆದರೂ ಬ್ಯಾಟರಿಯನ್ನು ಅಂಟಿನಲ್ಲಿ ಹೂತಿಡುವುದು ಅನಿವಾರ್ಯವೇ? ನೀರು ಒಳಹೋಗಬಾರದಲ್ಲ, ಅದಕ್ಕೆ ಎನ್ನುತ್ತವೆ ಕಂಪನಿಗಳು. ಪೂರ್ತಿ ಒಪ್ಪುವುದು ಕಷ್ಟ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ರ ಹಿಂಬದಿಯನ್ನು ಉಗುರಿನಿಂದಲೇ ತೆಗೆಯಬಹುದಿತ್ತು; ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಾಳುವ ಐಪಿ67 ದರ್ಜೆಯೂ ಅದಕ್ಕಿತ್ತು. ಮರುವರ್ಷದ ಎಸ್6ರಲ್ಲಿ ಗಾಜಿನ ಬೆನ್ನು ಬಂತು, ಬ್ಯಾಟರಿ ಒಳಗೆ ಸೇರಿತು.

ಹೀಟ್ ಗನ್‌ನಿಂದ ಅಂಟು ಸಡಿಲಿಸಿ ಡಿಸ್‌ಪ್ಲೇ ಬಿಡಿಸುವ ನಮ್ಮ ರಿಪೇರಿ ಅಂಗಡಿಗಳ ಹುಡುಗರಿಗೆ ಅಂಟು ದೊಡ್ಡ ಸವಾಲೇ ಅಲ್ಲ. ಅವರ ಕೈ ಕಟ್ಟಿಹಾಕಿರುವುದು ಬಿಡಿಭಾಗಗಳ ಕ್ರಮಸಂಖ್ಯೆ. ಅದೇ ಮಾದರಿಯ ಇನ್ನೊಂದು ಫೋನಿನಿಂದ ತೆಗೆದ ಅಸಲಿ ಭಾಗ ಹಾಕಿದರೂ, ಬೋರ್ಡಿನಲ್ಲಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಕೆಲವು ಫೋನುಗಳು ಎಚ್ಚರಿಕೆ ತೋರಿಸುತ್ತವೆ, ಕೆಲವು ಸೌಲಭ್ಯ ಕೆಲಸ ಮಾಡುವುದಿಲ್ಲ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ ಇದಕ್ಕೆ ಕಾನೂನಿನ ತಡೆ ಹಾಕಿತು. ಫೋನೊಂದರ ಜೀವಿತಾವಧಿಯ ಇಂಗಾಲ ಹೊರಸೂಸುವಿಕೆಯಲ್ಲಿ ಸಿಂಹಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಹಾಗಾಗಿ ಈ ತಡೆ ಗ್ರಾಹಕರ ಜೇಬಿಗಷ್ಟೇ ಸಂಬಂಧಿಸಿದ್ದಲ್ಲ.

ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವರ್ಷಾಂತ್ಯಕ್ಕೆ ಪೋರ್ಟಲ್ ತೆರೆಯಿತು. ಐರೋಪ್ಯ ಒಕ್ಕೂಟ ಇನ್ನಷ್ಟು ಬಿಗಿ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಚಾರ್ಜ್ ಆವರ್ತಗಳ ನಂತರವೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾದರಿಯ ಮಾರಾಟ ನಿಂತು ಏಳು ವರ್ಷದವರೆಗೆ ಮುಖ್ಯ ಬಿಡಿಭಾಗಗಳು ಸಿಗಬೇಕು. ಬ್ಯಾಟರಿ ಸುಲಭಕ್ಕೆ ಬಿಚ್ಚಿಬರಬೇಕೆಂಬ ಷರತ್ತಿಗೆ ಒಂದು ವಿನಾಯಿತಿಯಿದೆ: ಫೋನ್ ನೀರು ತಾಳುವಂತಿದ್ದು, ಬ್ಯಾಟರಿ 1000 ಆವರ್ತಗಳ ನಂತರವೂ ಶೇ 80 ಉಳಿಸಿಕೊಂಡರೆ, ಅದನ್ನು ಬದಲಿಸುವ ಕೆಲಸ ರಿಪೇರಿಯವರಿಗೇ ಇರಲಿ ಎಂದು ಬಿಡಬಹುದು. ದೊಡ್ಡ ಕಂಪನಿಗಳು ಈ ಕಿಂಡಿಯಲ್ಲೇ ನುಸುಳಬಹುದು. ನುಸುಳಲಿ, ಅದಕ್ಕೂ ಹೆಚ್ಚು ಬಾಳುವ ಬ್ಯಾಟರಿಯನ್ನೇ ಕೊಡಬೇಕಲ್ಲ!